ಪೀಠವೆಂಬ ಶಬ್ದದ ಚರಿತ್ರೆ



ದೇವಾಲಯಕ್ಕೆ ಹೋದವರು ಮೊದಲು ನೋಡುವುದು ದೇವರ ಮುಖವನ್ನು. ಆಮೇಲೆ ಕಿರೀಟವನ್ನು, ಕೈಯಲ್ಲಿ ಹಿಡಿದ ಆಯುಧಗಳನ್ನು, ಕೊರಳಿನ ಹಾರವನ್ನು. ಪಾದದವರೆಗೆ ಇಳಿದುಬಂದ ದೃಷ್ಟಿಯು ಅಲ್ಲಿಗೆ ನಿಂತುಬಿಡುತ್ತದೆ. ಭಕ್ತನಿಗೆ ಅಷ್ಟೇ ಸಾಕು. ಆದರೆ ಚರಿತ್ರೆಯನ್ನು ಅರಸುವವನು ಇನ್ನೂ ಒಂದು ಗೇಣು ಕೆಳಕ್ಕೆ ಬಗ್ಗಿ ನೋಡಬೇಕಾಗುತ್ತದೆ. ಅಲ್ಲಿ ಅಭಿಷೇಕದ ನೀರು ಇಳಿದು, ಹೂವಿನ ಎಸಳು ಮೆತ್ತಿಕೊಂಡು, ಎಣ್ಣೆಯ ಜಿಡ್ಡಿನಿಂದ ಕಪ್ಪಾದ ಒಂದು ಕಲ್ಲು ಇರುತ್ತದೆ. ಅದನ್ನು ನಾವು ಪೀಠವೆಂದು ಕರೆಯುತ್ತೇವೆ. ಆ ಕಲ್ಲಿನ ವಿಚಾರವಾಗಿಯೂ, ಅದಕ್ಕಿಂತ ಹೆಚ್ಚಾಗಿ ಆ ಕಲ್ಲಿಗೆ ನಾವು ಕೊಟ್ಟಿರುವ ಹೆಸರಿನ ವಿಚಾರವಾಗಿಯೂ ಈ ಸಂಜೆ ಕೆಲವು ಮಾತುಗಳನ್ನು ಆಡಬೇಕೆಂದಿದ್ದೇನೆ.

ಈ ಪದವು ನಮ್ಮ ನುಡಿಯಲ್ಲಿ ಎಷ್ಟು ಕಡೆ ಚಾಚಿಕೊಂಡಿದೆಯೆಂಬುದನ್ನು ಸ್ವಲ್ಪ ನೆನೆದುಕೊಳ್ಳಿ. ಶೃಂಗೇರಿಯಲ್ಲಿ ಶಾರದಾಪೀಠ, ದೇವಾಲಯದ ಮುಂದೆ ಬಲಿಪೀಠ, ಕೋರ್ಟಿನಲ್ಲಿ ನ್ಯಾಯಪೀಠ, ಮಠದಲ್ಲಿ ಪೀಠಾಧಿಪತಿಗಳು, ಬಡಗಿಯ ಅಂಗಡಿಯಲ್ಲಿ ಪೀಠೋಪಕರಣಗಳು, ಪುಸ್ತಕವನ್ನು ಬಿಚ್ಚಿದರೆ ಪೀಠಿಕೆ. ಜಗದ್ಗುರುಗಳ ಅಧಿಕಾರಕ್ಕೂ ಮೂರುಕಾಲಿನ ಮಣೆಗೂ ಒಂದೇ ಶಬ್ದವು ಸಲ್ಲುವುದಾದರೆ ಅದರ ಹಿಂದೆ ದೊಡ್ಡ ಪ್ರಯಾಣವೊಂದು ನಡೆದಿರಬೇಕು. ಆ ಪ್ರಯಾಣದಲ್ಲಿ ಶಬ್ದವು ಬಹಳ ಎತ್ತರಕ್ಕೆ ಏರಿತು. ಏರಿದಷ್ಟೂ ಅದರ ಮೊದಲ ಅರ್ಥವನ್ನು ನಾವು ಮರೆಯುತ್ತ ಬಂದೆವು. ಆ ಮೊದಲ ಅರ್ಥ ಯಾವುದು, ಅದನ್ನು ಮರೆತದ್ದರಿಂದ ಆದ ನಷ್ಟವೇನು ಎಂಬುದೇ ಈ ಭಾಷಣದ ವಿಷಯ.

ವಾಸ್ತುಶಾಸ್ತ್ರದಿಂದಲೇ ಪ್ರಾರಂಭ ಮಾಡೋಣ; ಅದಕ್ಕೆ ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬೆಂಗಳೂರಿನಲ್ಲಿ ರಾಮ್ ರಾಜ್ ಎಂಬ ಮಹನೀಯರು ನ್ಯಾಯಾಧೀಶರಾಗಿದ್ದರು. ಹಿಂದೂ ವಾಸ್ತುಶಿಲ್ಪದ ಮೇಲೆ ಇಂಗ್ಲಿಷಿನಲ್ಲಿ ಶಾಸ್ತ್ರೀಯವಾಗಿ ಬರೆದವರಲ್ಲಿ ಇವರೇ ಮೊದಲಿಗರು. ಇವರ ಪ್ರಬಂಧವು 48 ಚಿತ್ರಪಟಗಳೊಡನೆ 1834ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದು ಹೊರಬರುವ ಹೊತ್ತಿಗೆ ಗ್ರಂಥಕರ್ತರು ಕಾಲವಾಗಿದ್ದರು. ಅವರಿಗೆ ಎದುರಾದ ಕಷ್ಟವು ವಿಚಿತ್ರವಾದುದು. ಮಾನಸಾರವೇ ಮೊದಲಾದ ಗ್ರಂಥಗಳು ಸಂಸ್ಕೃತದಲ್ಲಿವೆ. ಸಂಸ್ಕೃತವನ್ನು ಬಲ್ಲ ಪಂಡಿತರಿಗೆ ಕಲ್ಲುಕೆಲಸದ ಮಾತುಗಳು ತಿಳಿಯವು. ಕಲ್ಲುಕೆಲಸವನ್ನು ಬಲ್ಲ ಶಿಲ್ಪಿಗಳಿಗೆ ಸಂಸ್ಕೃತವು ತಿಳಿಯದು. ಒಬ್ಬರಿಗೆ ಶಬ್ದವುಂಟು, ವಸ್ತುವಿಲ್ಲ. ಇನ್ನೊಬ್ಬರಿಗೆ ವಸ್ತುವುಂಟು, ಶಬ್ದವಿಲ್ಲ. ಇಬ್ಬರನ್ನೂ ಎದುರುಬದುರಿಗೆ ಇಟ್ಟುಕೊಂಡು ರಾಮ್ ರಾಜ್ ಅವರು ಒಂದೊಂದು ಪದದ ಅರ್ಥವನ್ನೂ ಬಿಡಿಸಿದರು. ಹಾಗೆ ಬಿಡಿಸಿದ ಪದಗಳಲ್ಲಿ ಉಪಪೀಠವೆಂಬುದೊಂದು. ಅದಕ್ಕೆ ಅವರು ಇಟ್ಟ ಇಂಗ್ಲಿಷ್ ಹೆಸರು ಪೆಡೆಸ್ಟಲ್.

ಈ ಎರಡು ಪದಗಳು ಬೆಂಗಳೂರಿನಲ್ಲಿ ಸಂಧಿಸಿದ್ದು ಎಷ್ಟು ಉಚಿತವಾಗಿತ್ತೆಂಬುದನ್ನು ನೋಡಿ. ಪೆಡೆಸ್ಟಲ್ ಎಂಬುದು ಫ್ರೆಂಚಿನ ಮೂಲಕ ಇಟಲಿಯ ಭಾಷೆಯಿಂದ ಬಂದ ಮಾತು. ಅಲ್ಲಿ ಪಿಯೆದೆಸ್ತಾಲ್ಲೊ ಎಂದರೆ ಸ್ತಾಲ್ಲೊವಿನ ಕಾಲು. ಸ್ತಾಲ್ಲೊ ಎಂದರೆ ನೆಲೆ, ಆಸನ. ಅಂತೂ ಪೆಡೆಸ್ಟಲ್ ಎಂದರೆ ಆಸನದ ಕಾಲು. ನಮ್ಮ ಉಪಪೀಠವೆಂದರೆ ಆಸನಕ್ಕೆ ಒತ್ತಾಗಿರುವ ಆಸನ. ಇದೇ ವರ್ಗದ ಇತರ ಪಾಶ್ಚಾತ್ಯ ಪದಗಳು ಗ್ರೀಕರಿಂದ ಬಂದವು. ಪ್ಲಿಂತ್ ಎಂಬುದರ ಮೂಲಾರ್ಥ ಇಟ್ಟಿಗೆ. ಪೋಡಿಯಮ್ ಎಂದರೆ ಪುಟ್ಟ ಕಾಲು. ಬೇಸ್ ಎಂದರೆ ಹೆಜ್ಜೆ, ಮೆಟ್ಟು. ಕಟ್ಟಡದ ಬುಡವನ್ನು ನೋಡಿದಾಗ ಗ್ರೀಕನಿಗೆ ಕಾಲೂ ಹೆಜ್ಜೆಯೂ ತೋರಿದುವು. ಅವನ ದೇವಾಲಯವು ನಿಂತಿರುವ ದೇವಾಲಯ. ನಮ್ಮ ಸ್ಥಪತಿಗೆ ತೋರಿದ್ದು ಆಸನ. ನಮ್ಮ ದೇವಾಲಯವು ಕುಳಿತಿರುವ ದೇವಾಲಯ. ದ್ರಾವಿಡ ವಿಮಾನದ ಆರು ಅಂಗಗಳನ್ನು ಶಾಸ್ತ್ರಕಾರರು ಅಧಿಷ್ಠಾನ, ಪಾದ, ಪ್ರಸ್ತರ, ಗ್ರೀವ, ಶಿಖರ, ಸ್ತೂಪಿ ಎಂದು ಎಣಿಸುತ್ತಾರೆ. ಕಾಲುಂಟು, ಕೊರಳುಂಟು, ತಲೆಯುಂಟು. ಈ ಶರೀರವೆಲ್ಲ ಕುಳಿತುಕೊಳ್ಳುವುದಕ್ಕೆ ಅಧಿಷ್ಠಾನವುಂಟು. ಆ ಅಧಿಷ್ಠಾನದ ಕೆಳಗೆ ಬರುವುದು ಉಪಪೀಠ. ಅದನ್ನು ಏತಕ್ಕಾಗಿ ಇಡಬೇಕೆಂಬುದಕ್ಕೆ ಮಯಮತವೆಂಬ ಗ್ರಂಥವು ಮೂರು ಕಾರಣಗಳನ್ನು ಕೊಡುತ್ತದೆ: ರಕ್ಷಣೆ, ಎತ್ತರ, ಶೋಭೆ. ಈ ಮೂರರಲ್ಲಿ ರಕ್ಷಣೆಯನ್ನು ಮೊದಲು ಹೇಳಿರುವುದನ್ನು ತಾವು ಗಮನಿಸಬೇಕು. ಮಾನಸಾರವು ತನ್ನ ಹದಿಮೂರನೆಯ ಅಧ್ಯಾಯವನ್ನು ಇಡಿಯಾಗಿ ಉಪಪೀಠಕ್ಕೆ ಮೀಸಲಿಟ್ಟು, ವೇದಿಭದ್ರ, ಪ್ರತಿಭದ್ರ, ಮಂಚಭದ್ರ ಎಂಬ ಮೂರು ಜಾತಿಗಳನ್ನೂ, ಒಂದೊಂದರಲ್ಲಿ ನಾಲ್ಕು ನಾಲ್ಕು ಭೇದಗಳನ್ನೂ ವಿವರಿಸುತ್ತದೆ. ಕಣ್ಣಿಗೆ ಬೀಳದ ಭಾಗಕ್ಕೆ ಇಷ್ಟು ಆಸ್ಥೆಯನ್ನು ತೋರಿದ ಜನ ನಮ್ಮ ಶಿಲ್ಪಿಗಳು.

ಇನ್ನು ಶಬ್ದದ ಹುಟ್ಟಿನ ಮಾತು. ಪೀಠವೆಂಬುದು ಕುಳಿತುಕೊಳ್ಳುವುದೆಂಬ ಅರ್ಥದ ಸದ್ ಧಾತುವಿಗೆ ಪಿ ಎಂಬ ಉಪಸರ್ಗವು ಸೇರಿ, ಉಚ್ಚಾರಣೆಯು ಸವೆದು ಆದ ರೂಪವಿರಬಹುದೆಂದು ನಿಘಂಟುಕಾರರಾದ ಮಾನಿಯರ್ ವಿಲಿಯಮ್ಸ್ ಅವರು ಸೂಚಿಸಿದ್ದಾರೆ. ಹಾಗಿದ್ದ ಪಕ್ಷದಲ್ಲಿ ಸದನ, ಸಂಸತ್ತು, ಪರಿಷತ್ತು, ಉಪನಿಷತ್ತು ಇವೆಲ್ಲವೂ ಪೀಠದ ದಾಯಾದಿಗಳೇ. ಇಂಗ್ಲಿಷಿನ ಸೀಟ್ ಎಂಬುದೂ ಅದೇ ಮನೆತನಕ್ಕೆ ಸೇರಿದುದು.

ಆದರೆ ಧಾತುವಿಗಿಂತಲೂ ಸ್ವಾರಸ್ಯವಾದುದು ಈ ಪದವು ಮೊಟ್ಟಮೊದಲು ನಮಗೆ ಕಾಣಸಿಗುವ ಸ್ಥಳ. ವೇದಕಾಲದಲ್ಲಿ ರಾಜನ ಆಸನಕ್ಕೆ ಆಸಂದೀ ಎಂದು ಹೆಸರು. ರಾಜ್ಯಾಭಿಷೇಕದ ಪ್ರಕರಣಗಳಲ್ಲಿ ಬರುವುದು ಆ ಮಾತು. ಪೀಠವೆಂಬುದು ಸಂಹಿತೆಯಲ್ಲಿ ತಾನಾಗಿಯೇ ಎಲ್ಲಿಯೂ ಬರುವುದಿಲ್ಲ. ಒಂದು ಸಮಾಸದ ಒಳಗೆ ಅಡಗಿಕೊಂಡು ಬರುತ್ತದೆ. ವಾಜಸನೇಯಿ ಸಂಹಿತೆಯ ಮೂವತ್ತನೆಯ ಅಧ್ಯಾಯದಲ್ಲಿ ಪುರುಷಮೇಧದ ಸಂಬಂಧವಾಗಿ ಒಂದು ದೊಡ್ಡ ಪಟ್ಟಿಯಿದೆ. ಸಮಾಜದ ನಾನಾ ಬಗೆಯ ಜನರನ್ನು ಹೆಸರಿಸಿ ಒಬ್ಬೊಬ್ಬರನ್ನು ಒಂದೊಂದು ದೇವತೆಗೆ ಸಲ್ಲಿಸುವ ಪಟ್ಟಿ ಅದು. ಅವರನ್ನು ಕೊಲ್ಲದೆ ಬಿಟ್ಟುಬಿಡಬೇಕೆಂದು ಶತಪಥಬ್ರಾಹ್ಮಣವು ವಿಧಿಸುತ್ತದೆ. ಅಗ್ನಿಗೆ ದಢೂತಿ ಮನುಷ್ಯ, ಅಂತರಿಕ್ಷಕ್ಕೆ ಬಿದಿರಿನ ಮೇಲೆ ಆಡುವ ದೊಂಬ, ಆಕಾಶಕ್ಕೆ ಬೋಳುತಲೆಯವನು ಎಂದು ಹೇಳುತ್ತ ಹೋಗುವ ಆ ಪಟ್ಟಿಯಲ್ಲಿ ಪೃಥ್ವಿಗೆ ಸಲ್ಲುವವನು ಪೀಠಸರ್ಪಿ. ಪೀಠಸರ್ಪಿಯೆಂದರೆ ಕಾಲಿಲ್ಲದವನು, ಮಣೆಯನ್ನೋ ಹಲಗೆಯನ್ನೋ ಆಧಾರವಾಗಿ ಮಾಡಿಕೊಂಡು ನೆಲದ ಮೇಲೆ ತೆವಳುತ್ತ ಸಾಗುವವನು. ನೆಲವನ್ನು ಬಿಟ್ಟು ಏಳಲಾರದವನನ್ನು ಭೂಮಿಗೇ ಒಪ್ಪಿಸಿದ್ದಾರೆ.

ನೋಡಿದಿರಾ! ಗುರುಗಳೂ ಅರಸರೂ ಏರಿದ ಪೀಠಕ್ಕೆ ನಮ್ಮ ವಾಙ್ಮಯದಲ್ಲಿ ದೊರೆಯುವ ಮೊದಲ ಒಡೆಯನು ಒಬ್ಬ ಹೆಳವ. ಪೀಠವು ಅವನಿಗೆ ಎತ್ತರವಾಗಿರಲಿಲ್ಲ, ಆಸರೆಯಾಗಿತ್ತು. ಅದಿಲ್ಲದೆ ಅವನು ಇದ್ದ ಜಾಗದಿಂದ ಕದಲಲಾರ.

ಮುಂದಿನ ಕಾಲದಲ್ಲಿಯೂ ಬಹಳ ದಿನಗಳವರೆಗೆ ಈ ಪದವು ಮನೆಯ ಪದವಾಗಿಯೇ ಉಳಿಯಿತು. ಅಮರಸಿಂಹನು ತನ್ನ ಕೋಶದಲ್ಲಿ ಪೀಠವನ್ನು ಎಲ್ಲಿ ಇಟ್ಟಿದ್ದಾನೆಂಬುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸಿಂಹಾಸನವು ಕ್ಷತ್ರಿಯವರ್ಗದಲ್ಲಿ ಛತ್ರಚಾಮರಗಳ ಜೊತೆಯಲ್ಲಿದೆ. ಪೀಠವು ಅಲ್ಲಿಲ್ಲ. ಅದು ಮನುಷ್ಯವರ್ಗದ ಕೊನೆಯಲ್ಲಿ ಆಡುವ ಚೆಂಡು, ಉರಿಯುವ ದೀಪ ಇವುಗಳ ಪಕ್ಕದಲ್ಲಿ ಕುಳಿತಿದೆ; ಅದರ ಮುಂದೆ ಕರಡಿಗೆ, ಪೀಕದಾನಿ, ಬಾಚಣಿಗೆ ಬರುತ್ತವೆ. ಒಬ್ಬ ಗೃಹಸ್ಥನ ಕೋಣೆಯ ಸಾಮಾನಿನ ಪಟ್ಟಿಯಂತೆ ತೋರುತ್ತದೆಯಲ್ಲವೆ? ಬೌದ್ಧರ ವಿನಯಪಿಟಕದಲ್ಲಿಯೂ ಪೀಠವೆಂದರೆ ಭಿಕ್ಷುವಿನ ಬಿಡಾರದಲ್ಲಿರುವ ಮಣೆಯೇ. ಅದರ ಕಾಲು ಎಷ್ಟು ಉದ್ದವಿರಬೇಕೆಂಬುದಕ್ಕೆ ಅಲ್ಲಿ ನಿಯಮವುಂಟು: ಬುದ್ಧನ ಬೆರಳಿನ ಅಳತೆಯಲ್ಲಿ ಎಂಟು ಅಂಗುಲವನ್ನು ಮೀರಕೂಡದು; ಮೀರಿದರೆ ಕತ್ತರಿಸಿಹಾಕಬೇಕು. ಆಸನವು ಎತ್ತರವಾದಷ್ಟೂ ಕುಳಿತವನ ತಲೆಯೂ ಎತ್ತರವಾಗುವುದೆಂಬ ಲೋಕಾನುಭವವು ಈ ನಿಯಮದ ಹಿಂದೆ ಇರಬೇಕು.

ಆದರೂ ಪೀಠವು ಏರಿತು. ಮೊದಲು ಏರಿದುದು ದೇವರ ಜೊತೆಯಲ್ಲಿ. ಶಿವಾಲಯದ ಲಿಂಗವನ್ನೇ ನೋಡಿ. ಶಾಸ್ತ್ರದ ಪ್ರಕಾರ ಲಿಂಗಕ್ಕೆ ಮೂರು ಭಾಗಗಳು. ಬುಡದ ಚೌಕಭಾಗವು ಬ್ರಹ್ಮನದು. ಅದು ನೆಲದೊಳಗೆ ಹುದುಗಿರುತ್ತದೆ. ನಡುವಿನ ಎಂಟು ಮೂಲೆಯ ಭಾಗವು ವಿಷ್ಣುವಿನದು. ಅದನ್ನು ಪೀಠವು ತಬ್ಬಿಕೊಂಡಿರುತ್ತದೆ. ಮೇಲಿನ ದುಂಡಾದ ಭಾಗವು ಮಾತ್ರವೇ ರುದ್ರನದು. ನಮ್ಮ ಕಣ್ಣಿಗೆ ಬೀಳುವುದು ಅಷ್ಟೇ. ಕಂಡ ಒಂದು ಪಾಲನ್ನು ಕಾಣದ ಎರಡು ಪಾಲು ಹೊತ್ತಿರುವುದೆಂಬ ತತ್ತ್ವವನ್ನು ಶಿಲ್ಪಿಯು ಕಲ್ಲಿನಲ್ಲಿ ಹೇಳಿದ್ದಾನೆ. ಪೂಜೆಯ ಕ್ರಮವನ್ನು ಬಲ್ಲ ಅರ್ಚಕರು ಇದನ್ನು ಮರೆತಿಲ್ಲ. ದೇವತೆಯನ್ನು ಆವಾಹನೆ ಮಾಡುವುದಕ್ಕೆ ಮೊದಲು ಪೀಠಪೂಜೆಯಾಗಬೇಕು. ಪಶ್ಚಿಮ ಭಾರತದ ಶಿಲ್ಪಗ್ರಂಥಗಳು ದೇವಾಲಯದ ಇಡೀ ತಳಪಟ್ಟಿಗೆ ಪೀಠವೆಂಬ ಹೆಸರನ್ನು ಕೊಟ್ಟು, ಅದರಲ್ಲಿ ಆನೆಗಳ ಸಾಲು, ಕುದುರೆಗಳ ಸಾಲು, ಮನುಷ್ಯರ ಸಾಲು ಇರಬೇಕೆಂದು ಹೇಳುತ್ತವೆ. ಹಳೇಬೀಡಿನ ಗೋಡೆಯ ಬುಡದಲ್ಲಿ ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲನ್ನು ಕಂಡವರಿಗೆ ಈ ಕ್ರಮದ ಔಚಿತ್ಯವು ಬೇಗನೆ ಹೊಳೆಯುತ್ತದೆ: ಹೆಚ್ಚು ಹೊರಬಲ್ಲುದು ಕೆಳಗೆ.

ದೇವರ ಜೊತೆಯಲ್ಲಿ ಏರಿದ ಪೀಠಕ್ಕೆ ಇನ್ನೊಂದು ಭಾಗ್ಯವೂ ಒದಗಿತು. ಕುಳಿತವನು ಇಲ್ಲದಿದ್ದರೂ ಅದು ಪೂಜ್ಯವಾಯಿತು. ಬುದ್ಧಗಯೆಯ ಬೋಧಿವೃಕ್ಷದ ಬುಡದಲ್ಲಿ ಮೌರ್ಯರ ಕಾಲದ, ನಯವಾಗಿ ಉಜ್ಜಿದ ಒಂದು ಕಲ್ಲುಹಾಸು ಇದೆ, ಅದನ್ನು ವಜ್ರಾಸನವೆನ್ನುತ್ತಾರೆ. ಭಾರಹುತ್ ಮತ್ತು ಸಾಂಚಿಯ ಶಿಲ್ಪಗಳಲ್ಲಿ ಮರದ ಕೆಳಗೆ ಆಸನವಿರುತ್ತದೆ, ಸುತ್ತಲೂ ಜನರು ಕೈಮುಗಿದಿರುತ್ತಾರೆ, ಆಸನದ ಮೇಲೆ ಮಾತ್ರ ಯಾರೂ ಇರುವುದಿಲ್ಲ. ಬುದ್ಧನ ವಿಗ್ರಹವನ್ನು ಕಡೆಯುವ ಪದ್ಧತಿ ಬರುವುದಕ್ಕೆ ಮುಂಚೆ ಬರಿದಾದ ಪೀಠವೇ ಬುದ್ಧನಾಗಿತ್ತು. ನಂದಿಗ್ರಾಮದಲ್ಲಿ ಭರತನು ಪಾದುಕೆಗಳನ್ನು ಮುಂದಿಟ್ಟುಕೊಂಡು ರಾಜ್ಯಭಾರ ಮಾಡಿದ ಕಥೆಯಲ್ಲಿಯೂ ಇದೇ ಭಾವವಿದೆ. ನಮ್ಮ ಕಲ್ಯಾಣದ ಶರಣರ ಸಂಪ್ರದಾಯದಲ್ಲಿ ಅಲ್ಲಮಪ್ರಭುಗಳು ಏರಿದ ಆಸನಕ್ಕೆ ಶೂನ್ಯಸಿಂಹಾಸನವೆಂದು ಹೆಸರಿಟ್ಟರು. ಆಸನವು ದೊಡ್ಡದು, ಅದರ ಮೇಲಿನ ನಾನು ಎಂಬುದು ಇಲ್ಲವಾಗಬೇಕು ಎಂಬ ತಾತ್ಪರ್ಯವನ್ನು ಇಷ್ಟು ಚಿಕ್ಕ ಮಾತಿನಲ್ಲಿ ಹೇಳುವುದು ಕಷ್ಟ.

ಇದಕ್ಕೆ ಎದುರಾದ ಭಾವವನ್ನು ತೋರಿಸುವ ಕಥೆಯೂ ನಮ್ಮಲ್ಲಿ ಉಂಟು. ವಿಕ್ರಮಾದಿತ್ಯನ ಸಿಂಹಾಸನದ ಬತ್ತೀಸಪುತ್ಥಳಿಯ ಕಥೆಯನ್ನು ಕೇಳದವರು ನಿಮ್ಮಲ್ಲಿ ವಿರಳ. ಹೊಲದ ಕಾವಲಿಗೆ ಕಟ್ಟಿದ ಅಟ್ಟಣೆಯನ್ನು ಏರಿದಾಗ ಆ ಹೊಲದ ಬ್ರಾಹ್ಮಣನು ಮಹಾ ಉದಾರಿ. ಬೇಕಾದಷ್ಟು ತಿನ್ನಿರೆಂದು ದಾರಿಹೋಕರನ್ನು ಕರೆಯುತ್ತಾನೆ. ಇಳಿದೊಡನೆಯೇ ಅವನು ಜಿಪುಣ. ಪೈರು ಹಾಳಾಯಿತೆಂದು ಬೊಬ್ಬೆಯಿಡುತ್ತಾನೆ. ಅಟ್ಟಣೆಯ ಕೆಳಗೆ ವಿಕ್ರಮನ ಸಿಂಹಾಸನವು ಹೂತಿತ್ತು. ಒಳ್ಳೆಯ ಪೀಠವು ಕುಳಿತವನನ್ನೂ ಒಳ್ಳೆಯವನನ್ನಾಗಿ ಮಾಡುವುದೆಂಬ ಆಸೆ ಈ ಕಥೆಯಲ್ಲಿದೆ. ಆದರೆ ಭೋಜರಾಜನು ಆ ಸಿಂಹಾಸನವನ್ನು ಅಗೆಸಿ ತಂದು ಏರಹೊರಟಾಗ ಬೊಂಬೆಗಳು ಒಂದೊಂದಾಗಿ ಎದ್ದು ತಡೆದುವು. ಅವುಗಳ ಪ್ರಶ್ನೆ ಒಂದೇ: ವಿಕ್ರಮನಲ್ಲಿದ್ದ ಗುಣ ನಿನ್ನಲ್ಲಿದೆಯೆ? ಆ ಪ್ರಶ್ನೆಯನ್ನು ಕೇಳುವ ಬೊಂಬೆಗಳು ಎಲ್ಲ ಪೀಠಗಳಿಗೂ ಇದ್ದಿದ್ದರೆ ಲೋಕದ ಚರಿತ್ರೆಯು ಬೇರೆಯಾಗಿರುತ್ತಿತ್ತು.

ದೇವರ ಆಸನದಿಂದ ಪೀಠವು ದೇವರ ಸ್ಥಳವೆಂಬ ಅರ್ಥಕ್ಕೆ ಬಂದುದು ಮುಂದಿನ ಮೆಟ್ಟಿಲು. ದಕ್ಷಯಜ್ಞದ ಅನಂತರ ಸತಿಯ ಅಂಗಗಳು ಬಿದ್ದ ಎಡೆಗಳೆಲ್ಲ ಶಕ್ತಿಪೀಠಗಳಾದುವೆಂಬ ಪುರಾಣವನ್ನು ತಾವು ಬಲ್ಲಿರಿ. ಹಳೆಯ ತಂತ್ರಗ್ರಂಥಗಳಲ್ಲಿ ಉಡ್ಡಿಯಾನ, ಜಾಲಂಧರ, ಪೂರ್ಣಗಿರಿ, ಕಾಮರೂಪ ಎಂಬ ನಾಲ್ಕೇ ಪೀಠಗಳಿವೆ. ಈ ಸಂಖ್ಯೆಯು ಬೆಳೆಯುತ್ತ ಬೆಳೆಯುತ್ತ 51ರವರೆಗೆ ಹೋದ ಬಗೆಯನ್ನು ದಿನೇಶಚಂದ್ರ ಸರ್ಕಾರರು 1948ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕೂಲಂಕಷವಾಗಿ ತೋರಿಸಿದ್ದಾರೆ. ಪೀಠವೆಂಬ ಹೆಸರಿಗೆ ಎಂತಹ ಆಕರ್ಷಣೆಯಿತ್ತೆಂಬುದಕ್ಕೆ ಆಂಧ್ರದೇಶದ ಪಿಠಾಪುರವು ಒಳ್ಳೆಯ ನಿದರ್ಶನ. ಈಗ ಅದು ಹದಿನೆಂಟು ಶಕ್ತಿಪೀಠಗಳಲ್ಲಿ ಒಂದು. ಆದರೆ ಅದರ ಹಳೆಯ ಹೆಸರು ಪಿಷ್ಟಪುರ. ಸಮುದ್ರಗುಪ್ತನ ಅಲಹಾಬಾದ್ ಸ್ತಂಭಶಾಸನದಲ್ಲಿ ಹಾಗೆಯೇ ಇದೆ. ಪಿಷ್ಟವೆಂದರೆ ಹಿಟ್ಟು. ನಮ್ಮ ಇಮ್ಮಡಿ ಪುಲಕೇಶಿಯು ಆ ಊರನ್ನು ಗೆದ್ದಾಗ ಕವಿ ರವಿಕೀರ್ತಿಯು 634ರ ಐಹೊಳೆಯ ಶಾಸನದಲ್ಲಿ ಈ ಹೆಸರಿನ ಮೇಲೆಯೇ ಚಮತ್ಕಾರಮಾಡಿ, ಅರಸನು ಪಿಷ್ಟಪುರವನ್ನು ಹಿಟ್ಟುಮಾಡಿದನೆಂದು ಹೇಳಿದ್ದಾನೆ. ಬಾಯಿಂದ ಬಾಯಿಗೆ ಸವೆದು ಪಿಷ್ಟವು ಪಿಠವಾಯಿತು. ಹಿಟ್ಟಿನ ಊರು ಪೀಠದ ಊರಾಯಿತು.

ಸ್ಥಳದಿಂದ ಅಧಿಕಾರಕ್ಕೆ ಇನ್ನೊಂದೇ ಹೆಜ್ಜೆ. ಕಾಶ್ಮೀರದ ಶಾರದಾಕ್ಷೇತ್ರದಲ್ಲಿ ಸರ್ವಜ್ಞಪೀಠವಿತ್ತೆಂದೂ, ಶಂಕರಾಚಾರ್ಯರು ವಾದಿಗಳನ್ನು ಜಯಿಸಿ ಅದುವರೆಗೆ ಮುಚ್ಚಿದ್ದ ದಕ್ಷಿಣದ ಬಾಗಿಲನ್ನು ತೆರೆಯಿಸಿ ಅದನ್ನು ಏರಿದರೆಂದೂ ಶಂಕರವಿಜಯವು ಹೇಳುತ್ತದೆ. ಈ ಕಥೆಯಲ್ಲಿ ಪೀಠವೆಂದರೆ ವಿದ್ಯೆಯ ಪರೀಕ್ಷೆ. ಮಠಗಳು ಬೆಳೆದಂತೆ ಅದು ಗುರುಪರಂಪರೆಯ ಹೆಸರಾಯಿತು. ರಂಭಾಪುರಿ, ಉಜ್ಜಿನಿ, ಕೇದಾರ, ಶ್ರೀಶೈಲ, ಕಾಶಿ ಎಂದು ವೀರಶೈವರು ಪಂಚಪೀಠಗಳನ್ನು ಎಣಿಸುತ್ತಾರೆ. ಅಚ್ಚಗನ್ನಡದ ಗದ್ದುಗೆಯೆಂಬ ಮಾತಿಗೂ ಇದೇ ಗತಿಯಾಯಿತು. ಅದರಲ್ಲಿ ವಿಶೇಷವೇನೆಂದರೆ, ಗುರುವು ಬದುಕಿರುವಾಗ ಏರುವ ಆಸನವೂ ಗದ್ದುಗೆಯೇ, ಅವನು ಲಿಂಗೈಕ್ಯನಾದ ಮೇಲೆ ಕಟ್ಟುವ ಸಮಾಧಿಯೂ ಗದ್ದುಗೆಯೇ. ಯೂರೋಪಿನಲ್ಲಿಯೂ ಗ್ರೀಕರ ಕಥೆದ್ರಾ ಎಂಬ ಕುರ್ಚಿಯಿಂದ ಕಥೀಡ್ರಲ್ ಎಂಬ ಮಹಾದೇವಾಲಯವು ಹುಟ್ಟಿತು. ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನ ಸ್ಥಾನಕ್ಕೂ ಕುರ್ಚಿಯೆಂದೇ ಹೆಸರು. ಮನುಷ್ಯನು ಎಲ್ಲಿ ಹೋದರೂ ಕುಳಿತವನನ್ನು ಬಿಟ್ಟು ಕುರ್ಚಿಯನ್ನು ನೆನಪಿನಲ್ಲಿಡುವ ಪ್ರಾಣಿಯೆಂದು ತೋರುತ್ತದೆ.

ಇಲ್ಲಿಯವರೆಗೆ ಶಬ್ದದ ಮಾತಾಯಿತು. ಈಗ ಮೊದಲು ಹೇಳಿದ ಕಲ್ಲಿಗೆ ಹಿಂದಿರುಗೋಣ. ಪೀಠವನ್ನು ಬಗ್ಗಿ ನೋಡಿದವರಿಗೆ ದೊರೆತ ಫಲವೇನು?

ಮಥುರೆಯಲ್ಲಿ ಕಂಕಾಲೀಟೀಲಾ ಎಂಬ ದಿಬ್ಬವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದನ್ನು ಅಗೆದಾಗ ಕುಷಾಣರ ಕಾಲದ ಜಿನವಿಗ್ರಹಗಳು ರಾಶಿರಾಶಿಯಾಗಿ ದೊರೆತುವು. ಎಷ್ಟೋ ವಿಗ್ರಹಗಳಿಗೆ ರುಂಡವಿಲ್ಲ, ಕೆಲವಕ್ಕೆ ಮುಂಡವೂ ಇಲ್ಲ; ಉಳಿದುದು ಪೀಠ. ಆ ಪೀಠಗಳ ಮೇಲೆ ಸಣ್ಣ ಸಣ್ಣ ಬರಹಗಳು: ಇಂತಹ ವರ್ಷದಲ್ಲಿ, ಇಂತಹ ಗಣದ, ಇಂತಹ ಕುಲದ, ಇಂತಹ ಶಾಖೆಯ ಗುರುವಿನ ಮಾತಿನಂತೆ, ಇಂತಹವಳು ಮಾಡಿಸಿದ ಪ್ರತಿಮೆ. ಜೈನಧರ್ಮವು ಬೌದ್ಧಧರ್ಮದಿಂದ ಒಡೆದ ಒಂದು ಕವಲೆಂದು ಆ ಕಾಲದ ಕೆಲವು ಪಾಶ್ಚಾತ್ಯ ವಿದ್ವಾಂಸರು ನಂಬಿದ್ದರು. ಜೈನರ ಗುರುಪರಂಪರೆಯ ಪಟ್ಟಿಗಳಿಗೆ ಅವರು ಬೆಲೆ ಕೊಡುತ್ತಿರಲಿಲ್ಲ. ಯಾಕೋಬಿಯವರು ಗ್ರಂಥಾಧಾರಗಳಿಂದ ಆ ಮತವನ್ನು ಅಲ್ಲಗಳೆದಿದ್ದರು. ಬ್ಯೂಲರ್ ಅವರು ಮಥುರೆಯ ಪೀಠಗಳನ್ನು ಓದಿ, ಅವುಗಳಲ್ಲಿರುವ ಗಣ, ಕುಲ, ಶಾಖೆಗಳ ಹೆಸರುಗಳು ಕಲ್ಪಸೂತ್ರದ ಸ್ಥವಿರಾವಳಿಯಲ್ಲಿರುವ ಹೆಸರುಗಳೇ ಎಂದು ತೋರಿಸಿಕೊಟ್ಟರು. ಒಂದು ಧರ್ಮದ ಪ್ರಾಚೀನತೆಗೆ ಸಾಕ್ಷಿಯನ್ನು ನುಡಿದುದು ಮುರಿದ ವಿಗ್ರಹಗಳ ಕೆಳಗಿನ ಕಲ್ಲು. ಅದೇ ದಿಬ್ಬದಲ್ಲಿ ಸಿಕ್ಕಿದ ಸರಸ್ವತಿಯ ವಿಗ್ರಹಕ್ಕೂ ತಲೆಯಿಲ್ಲ; ಆಕೆ ಸರಸ್ವತಿಯೆಂಬುದನ್ನೂ, ಆಕೆಯನ್ನು ಮಾಡಿಸಿದವನು ಸಿಹನ ಮಗನಾದ ಗೋವನೆಂಬ ಕಮ್ಮಾರನೆಂಬುದನ್ನೂ ಪೀಠವು ಹೇಳುತ್ತದೆ. ವಿದ್ಯಾದೇವ���ೆಯ ಮುಖವು ಹೋಯಿತು. ಕಬ್ಬಿಣವನ್ನು ಬಡಿಯುವವನ ಹೆಸರು ಉಳಿಯಿತು.

ನಮ್ಮ ಬೇಲೂರಿಗೆ ಬನ್ನಿ. 1117ರಲ್ಲಿ ವಿಷ್ಣುವರ್ಧನನು ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ ಸಂಗತಿಯನ್ನು ಎಲ್ಲರೂ ಬಲ್ಲರು. ಆ ಗುಡಿಯ ಪಕ್ಕದಲ್ಲಿಯೇ ಇರುವ ಕಪ್ಪೆಚೆನ್ನಿಗರಾಯನನ್ನು ಮಾಡಿಸಿದವಳು ಪಟ್ಟದರಸಿ ಶಾಂತಲದೇವಿಯೆಂಬುದು ಹೇಗೆ ತಿಳಿಯಿತು? ಆ ಮೂರ್ತಿಯ ಪೀಠದ ಬರಹದಿಂದ. ಮದನಿಕೆಯರನ್ನು ನೋಡುವುದಕ್ಕೆ ಕತ್ತನ್ನು ಎತ್ತಿದವರು ಅವರ ಕಾಲಿನ ಕೆಳಗಿನ ಪಟ್ಟಿಯನ್ನೂ ಓದಿದರೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಹೆಸರುಗಳು ಸಿಗುತ್ತವೆ. ಭಾರತದ ಶಿಲ್ಪಿಗಳು ಹೆಸರನ್ನು ಬಯಸದ ಅನಾಮಧೇಯರೆಂದು ಹೊಗಳುವ ವಾಡಿಕೆ ನಮ್ಮಲ್ಲಿ ಬಹಳವಾಗಿದೆ. ಹೊಯ್ಸಳ ಶಿಲ್ಪಿಯ ವಿಷಯದಲ್ಲಿ ಈ ಹೊಗಳಿಕೆಯು ಸಲ್ಲದು. ಅವನು ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಬಿರುದುಗಳನ್ನೂ ಕೆತ್ತಿಯೇ ಹೋದನು. ಕೆತ್ತಿದ ಜಾಗ ಪೀಠವಾದುದರಿಂದ ನಾವು ಓದಲಿಲ್ಲ, ಅಷ್ಟೆ.

ಇವೆಲ್ಲವನ್ನೂ ಮೀರಿಸುವ ಒಂದು ಉದಾಹರಣೆಯು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತಿದೆ. ಭೀಮಾನದಿಯ ತೀರದ ಈ ಊರಿನಲ್ಲಿ ಚಂದ್ರಲಾಂಬೆಯ ದೇವಾಲಯವಿದೆ. ಅದರ ಆವರಣದೊಳಗಿನ ಕಾಳಿಯ ಗುಡಿಯ ಛಾವಣಿಯು 1980ರ ದಶಕದ ಉತ್ತರಾರ್ಧದಲ್ಲಿ ಕುಸಿದು ಮೂರ್ತಿಯು ಭಗ್ನವಾಯಿತು. ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲನ್ನು ನೋಡಿದರೆ ಅದರ ಎರಡು ಮುಖಗಳಲ್ಲಿಯೂ ಬ್ರಾಹ್ಮೀಲಿಪಿಯ ಬರಹ! ಅದು ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯ ಧರ್ಮಶಾಸನ. ಮೂರ್ತಿಯ ಬುಡವನ್ನು ಕೂರಿಸುವುದಕ್ಕಾಗಿ ನಡುವೆ ತೂತು ಕೊರೆದುದರಿಂದ ಕೆಲವು ಅಕ್ಷರಗಳು ಅಳಿದುಹೋಗಿವೆ. ಉಳಿದುವು ಓದಲು ಬರುತ್ತವೆ. ಅದರಲ್ಲಿರುವ ಶಾಸನಗಳಲ್ಲಿ ಹನ್ನೆರಡನೆಯ ಶಿಲಾಶಾಸನವೂ ಒಂದು. ತನ್ನ ಮತವನ್ನು ಅತಿಯಾಗಿ ಹೊಗಳದೆ, ಪರರ ಮತವನ್ನು ಕಾರಣವಿಲ್ಲದೆ ಹಳಿಯದೆ, ಮಾತಿನಲ್ಲಿ ಸಂಯಮವನ್ನು ಇಟ್ಟುಕೊಳ್ಳಬೇಕೆಂದು ಬೋಧಿಸುವ ಶಾಸನವದು. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂಬ ಭಾವದ ಪ್ರತ್ಯೇಕ ಶಾಸನವೂ ಅಲ್ಲಿದೆ.

ಆ ಕಲ್ಲನ್ನು ಪೀಠವನ್ನಾಗಿ ಮಾಡಿದವರಿಗೆ ಲಿಪಿಯು ತಿಳಿದಿರಲಾರದು. ಅವರಿಗೆ ಬೇಕಾಗಿದ್ದುದು ಗಟ್ಟಿಯಾದ ಒಂದು ಹಾಸುಗಲ್ಲು. ಆದರೂ ನಡೆದ ಸಂಗತಿಯನ್ನು ನೋಡಿ: ಬೌದ್ಧನಾದ ಚಕ್ರವರ್ತಿಯ ಮಾತಿನ ಮೇಲೆ ಎಷ್ಟೋ ಕಾಲ ಕಾಳಿಯು ನಿಂತಿದ್ದಳು, ಪರಮತವನ್ನು ಗೌರವಿಸಿರೆಂಬ ಮಾತು ಪರಮತದ ದೇವತೆಯನ್ನು ಮೌನವಾಗಿ ಹೊತ್ತಿತ್ತು. ಇದನ್ನು ಧ್ವಂಸವೆನ್ನೋಣವೆ, ರಕ್ಷಣೆಯೆನ್ನೋಣವೆ? ಅಕ್ಷರಗಳು ಕೆಲವು ಹೋದುವು, ನಿಜ. ಆದರೆ ಗುಡಿಯ ಒಳಗೆ ಸೇರಿದ್ದರಿಂದಲೇ ಮಳೆಬಿಸಿಲುಗಳಿಂದಲೂ ಕಲ್ಲೊಡೆಯುವವರ ಸುತ್ತಿಗೆಯಿಂದಲೂ ಅದು ತಪ್ಪಿಸಿಕೊಂಡಿತು. ಪೀಠವು ರಕ್ಷಣೆಗಾಗಿ ಎಂದು ಮಯಮತವು ಹೇಳಿದ ಮಾತು ಇಲ್ಲಿ ತಿರುವುಮುರುವಾಗಿ ನಿಜವಾಯಿತು. ದೇವತೆಯೇ ಪೀಠವನ್ನು ಕಾಪಾಡಿದಳು.

ಇನ್ನು ಕೊನೆಯದಾಗಿ, ಈ ಪದವು ಕನ್ನಡದ ಮನೆಯೊಳಗೆ ಹೇಗೆ ಬಾಳುತ್ತಿದೆಯೆಂಬುದನ್ನು ಹೇಳಿ ಮುಗಿಸುತ್ತೇನೆ. ಪುಟ್ಟ ಪೀಠವು ಪೀಠಿಕೆ. ನಮ್ಮ ಕವಿಗಳೂ ಶಾಸ್ತ್ರಕಾರರೂ ಗ್ರಂಥದ ಮೊದಲ ಭಾಗಕ್ಕೆ ಈ ಹೆಸರನ್ನು ಇಟ್ಟರು. ಕೇಶಿರಾಜನ ಶಬ್ದಮಣಿದರ್ಪಣಕ್ಕೆ ಪೀಠಿಕೆಯುಂಟು, ಕುಮಾರವ್ಯಾಸನ ಭಾರತಕ್ಕೆ ಪೀಠಿಕಾಸಂಧಿಯುಂಟು. ಇಂಗ್ಲಿಷಿನವರು ಮುನ್ನುಡಿಯನ್ನು ಬಾಗಿಲಿನಂತೆ, ಒಳಕ್ಕೆ ಕರೆದೊಯ್ಯುವುದೆಂದು ಭಾವಿಸುತ್ತಾರೆ; ನಾವು ಅದನ್ನು ಗ್ರಂಥವನ್ನು ಹೊರುವ ಮಣೆಯೆಂದು ಭಾವಿಸಿದ್ದೇವೆ. ಸಾಲ ಕೇಳಲು ಬಂದ ನೆಂಟನು ಮಳೆಬೆಳೆಗಳ ಮಾತನ್ನೆತ್ತಿದಾಗ, ಪೀಠಿಕೆ ಹಾಕುತ್ತಿದ್ದಾನೆಂದು ನಾವು ಒಳಗೊಳಗೇ ನಗುವುದುಂಟಷ್ಟೆ. ಅಲ್ಲಿಯೂ ಅರ್ಥವು ಕೆಟ್ಟಿಲ್ಲ. ಭಾರವಾದುದನ್ನು ಇಳಿಸುವುದಕ್ಕೆ ಮೊದಲು ಆಧಾರವನ್ನು ಅಣಿಮಾಡಿಕೊಳ್ಳುವುದೇ ಪೀಠಿಕೆ.

ಇದೇ ಪೀಠಿಕೆಯು ಜನರ ಬಾಯಲ್ಲಿ ಸವೆದು ಇನ್ನೊಂದು ರೂಪವನ್ನು ತಳೆಯಿತು. ಠಕಾರವು ಪ್ರಾಕೃತದಲ್ಲಿ ಢಕಾರವಾಯಿತು. ಹಿಂದಿಯಲ್ಲಿ ಪೀಢಾ ಎಂದರೆ ಮಣೆ, ಪೀಢೀ ಎಂದರೆ ತಲೆಮಾರು. ಮರಾಠಿಯಲ್ಲಿ ಪಿಢೀ ಎಂದರೂ ತಲೆಮಾರೇ. ಕನ್ನಡದಲ್ಲಿ ಅದು ಳಕಾರಕ್ಕೆ ತಿರುಗಿ ಪೀಳಿಗೆಯಾಯಿತು. ನಮ್ಮ ಪೀಳಿಗೆ, ಮುಂದಿನ ಪೀಳಿಗೆ ಎಂದು ನಾವು ದಿನವೂ ಆಡುವ ಮಾತಿನಲ್ಲಿ ಹಳೆಯ ಪೀಠವು ಅಡಗಿ ಕುಳಿತಿದೆ. ತಲೆಮಾರು ಎಂಬ ಅಚ್ಚಗನ್ನಡದ ಮಾತು ತಲೆಗಳನ್ನು ಎಣಿಸುತ್ತದೆ; ಪೀಳಿಗೆಯೆಂಬ ಮಾತು ಮಣೆಗಳನ್ನು ಎಣಿಸುತ್ತದೆ. ಹೋದವರು ಬಿಟ್ಟುಹೋದ ಮಣೆಯ ಮೇಲೆ ಬಂದವರು ಕೂಡುವುದು, ಅವರು ಎದ್ದಾಗ ಅದು ಇನ್ನೊಬ್ಬರಿಗೆ ಸಲ್ಲುವುದು, ಇದೇ ವಂಶವೆಂಬುದರ ಚಿತ್ರ.

ಹೆಳವನ ಮಣೆಯಿಂದ ಹೊರಟ ಶಬ್ದವು ಲಿಂಗವನ್ನು ತಬ್ಬಿ, ಗುರುವನ್ನು ಹೊತ್ತು, ನ್ಯಾಯಾಧೀಶನಿಗೆ ಒದಗಿ, ಕೊನೆಗೆ ನಮ್ಮೆಲ್ಲರ ಹೆಸರಾಯಿತು. ಇಷ್ಟು ದೂರ ಬಂದರೂ ಅದರ ಧರ್ಮವು ಒಂದೇ: ತಾನು ಕೆಳಗಿದ್ದು ಮೇಲಿನದನ್ನು ಹೊರುವುದು. ಏರುವವರು ಇದನ್ನು ಮರೆತಾಗ ಪೀಠವೆಂಬುದು ಬರಿಯ ಎತ್ತರವಾಗುತ್ತದೆ, ಆ ಎತ್ತರಕ್ಕಾಗಿ ಜಗಳವೂ ಹುಟ್ಟುತ್ತದೆ. ನಾವು ಈಗ ಕುಳಿತಿರುವ ಮಣೆಯ ಮೇಲೆ ಯಾವ ಗೋವನ, ಯಾವ ದಾಸೋಜನ, ಯಾವ ಅಶೋಕನ ಅಕ್ಷರಗಳಿವೆಯೆಂದು ಒಮ್ಮೆ ಎದ್ದು ಬಗ್ಗಿ ನೋಡುವುದು ಒಳ್ಳೆಯದು. ಮುಂದಿನವರು ಕೂಡುವುದು ನಮ್ಮ ಮೇಲೆ. ಅವರನ್ನು ಹೊರುವಷ್ಟು ಗಟ್ಟಿ ನಮ್ಮಲ್ಲಿದೆಯೆ ಎಂಬುದನ್ನೂ ಅದೇ ವೇಳೆಯಲ್ಲಿ ನೋಡಿಕೊಳ್ಳಬಹುದು.